ಕಂಬಿಯ ಮೇಲೆ ಗದ್ದ

ಅಗ್ನಿಶಾಮಕ ಠಾಣೆಯ ಶೆಡ್ಡಿನಲ್ಲಿ ಯಾರೋ ಪುಣ್ಯಾತ್ಮ ವ್ಯಾಯಾಮದ ಕಂಬಿಯನ್ನು ತೀರಾ ಕೆಳಗೆ ಹೊಡೆಸಿದ್ದ. ಪೂರ್ತಿ ಜೋತುಬಿದ್ದರೆ ಕಾಲು ನೆಲಕ್ಕೆ ತಾಗುತ್ತಿತ್ತು. ಹಾಗಾಗಿ ಅಲ್ಲಿಯವರೆಲ್ಲ ಮೊಣಕೈ ಮಡಚಿಕೊಂಡೇ ನೇತಾಡಿ, ಅರ್ಧದಿಂದ ಮೇಲಕ್ಕೆ ಎಳೆದುಕೊಂಡು, ಅದನ್ನೇ ಪುಲ್‌ಅಪ್ ಎಂದು ವರ್ಷಗಟ್ಟಲೆ ಎಣಿಸಿಕೊಂಡು ಬಂದಿದ್ದರು.

ಏಣಿಯಣ್ಣನೂ ಹಾಗೆಯೇ ಎಣಿಸಿದವನು. ಬೆಂಕಿ ಬಿದ್ದಲ್ಲಿ ಮೊದಲು ಏಣಿ ಹತ್ತುವವನು ಅವನೇ ಆದ್ದರಿಂದ ಆ ಹೆಸರು. ಐವತ್ತೈದು ತುಂಬುತ್ತಲೇ ಇಲಾಖೆಯಿಂದ ಪತ್ರ ಬಂತು. ಆರು ತಿಂಗಳಲ್ಲಿ, ಹೊಸದಾಗಿ ಎತ್ತರದಲ್ಲಿ ಹಾಕಿಸಿದ ಕಂಬಿಯಲ್ಲಿ ಐದು ಪೂರ್ತಿ ಪುಲ್‌ಅಪ್. ಇಲ್ಲವೆಂದರೆ ಏಣಿ ಬಿಟ್ಟು ಫೋನಿನ ಕೋಣೆಯಲ್ಲಿ ಕೂರುವ ಕೆಲಸ.

ಮೊದಲ ದಿನ ಕೈ ನೆಟ್ಟಗೆ ಬಿಟ್ಟು ಜೋತುಬಿದ್ದ. ಒಂದಂಗುಲವೂ ಮೇಲೇಳಲಿಲ್ಲ.

"ಫೋನಿನ ಕೋಣೇಲಿ ಫ್ಯಾನಿದೆ ಅಣ್ಣ" ಎಂದ ಡ್ರೈವರು.

"ಹಾಗಾದ್ರೆ ನೀನೇ ಹೋಗಿ ಕೂತ್ಕೋ."

ಮನೆಯಲ್ಲಿ ಅವನ ಮಗಳು, ಜಿಮ್ಮಿನಲ್ಲಿ ವ್ಯಾಯಾಮ ಕಲಿಸುವವಳು, ಬಾಗಿಲ ಚೌಕಟ್ಟಿಗೆ ಅಡ್ಡ ಸಿಕ್ಕಿಸಿದ ಕಂಬಿಗೆ ಅವನನ್ನು ಜೋತುಬೀಳಿಸಿ ಬೆನ್ನು ಮುಟ್ಟಿ ನೋಡಿದಳು.

"ಅಪ್ಪ, ನೀನು ಬರೀ ಕೈಯಲ್ಲಿ ಎಳೀತಿದೀಯ. ಬೆನ್ನು ಕೆಲಸಾನೇ ಮಾಡದೆ ಆರಾಮಾಗಿ ಸವಾರಿ ಮಾಡ್ತಿದೆ. ಮೊದಲು ಹೆಗಲನ್ನ ಕಿವಿಯಿಂದ ಕೆಳಗಿಳಿಸು. ಆಮೇಲೆ ಮೊಣಕೈನ ಪಕ್ಕೆ ಕಡೆ ತಾ."

"ಮೂವತ್ತು ವರ್ಷ ಮಾಡಿದ್ದೆಲ್ಲ ಸುಳ್ಳಾ?"

"ಅರ್ಧ ಸುಳ್ಳು."

ಎರಡು ತಿಂಗಳು ಬರೀ ಜೋತುಬಿದ್ದು ಹೆಗಲಿಳಿಸಿದ. ಆಮೇಲೆ ಸ್ಟೂಲು ಹತ್ತಿ ಗದ್ದವನ್ನು ಕಂಬಿಯ ಮೇಲಿಟ್ಟುಕೊಂಡು, ಆಮೆಯ ಹಾಗೆ ನಿಧಾನವಾಗಿ ಕೆಳಗಿಳಿಯುವುದನ್ನು ಕಲಿತ. "ಒಣಗೋಕೆ ಹಾಕಿರೋ ಷರಟಿನ ಹಾಗೆ ಕಾಣ್ತೀರಿ" ಎಂದು ಹೆಂಡತಿ ನಕ್ಕಳು. ಅವನು ನಗಲಿಲ್ಲ, ಬಿಡಲೂ ಇಲ್ಲ. ನಾಲ್ಕನೆಯ ತಿಂಗಳಿಗೆ ಮೊದಲ ಪೂರ್ತಿ ಪುಲ್‌ಅಪ್ ಬಂತು.

ಪರೀಕ್ಷೆಯ ದಿನ ಎಣಿಸಲು ನಿಂತವನು ಠಾಣಾಧಿಕಾರಿ. ಅಂಥದೇ ಪತ್ರ ಅವನಿಗೂ ಬಂದಿತ್ತು. ಹಿಂದೆ ಏಣಿ ಹಿಡಿಯುವುದನ್ನು ಅವನಿಗೆ ಕಲಿಸಿದ್ದವನೇ ಏಣಿಯಣ್ಣ. ನಾಲ್ಕು ಸಲೀಸಾಗಿ ಆದವು. ಐದನೆಯದಕ್ಕೆ ಗದ್ದ ಕಂಬಿಯ ಮಟ್ಟಕ್ಕೆ ಬಂದು, ದಾಟದೆ ನಿಂತುಬಿಟ್ಟಿತು.

"ಐದು. ಆಯ್ತಣ್ಣ, ಇಳೀರಿ."

"ಆಗಿಲ್ಲ." ಏಣಿಯಣ್ಣ ಕೈ ನೆಟ್ಟಗಾಗುವವರೆಗೆ ಜಾರಿ ಅಲ್ಲೇ ನೇತಾಡಿದ.

"ನಾನೇ ಎಣಿಸಿದೀನಲ್ಲ."

"ಬೆಂಕಿ ಬಿದ್ದ ಮನೇಲಿ ಕಿಟಕಿ ಮಟ್ಟಕ್ಕೆ ಗದ್ದ ಬಂದ್ರೆ ಸಾಕಾ ಸಾಹೇಬ್ರೇ? ಒಳಗೆ ಹೋಗ್ಬೇಡ್ವಾ?"

ಅಧಿಕಾರಿಯ ಮುಖ ಕೆಂಪೇರಿತು. "ಈಗ ಆಗ್ಲಿಲ್ಲ ಅಂದ್ರೆ ನಾಲ್ಕು ಅಂತಲೇ ಬರೀತೀನಿ. ಆಮೇಲೆ ನನ್ನ ಬೈಬೇಡಿ."

"ಬರೀರಿ."

ಮುಂಗೈ ಉರಿಯುತ್ತಿತ್ತು, ಬೆರಳು ಜಾರುತ್ತಿತ್ತು. ಏಣಿಯಣ್ಣ ಅವಸರ ಮಾಡಲಿಲ್ಲ. ಹೆಗಲನ್ನು ಕಿವಿಯಿಂದ ಇಳಿಸಿದ. ಬೆನ್ನು ಬಿಗಿಯಾದದ್ದು ಗೊತ್ತಾಯಿತು. ಮೊಣಕೈಗಳನ್ನು ಪಕ್ಕೆಯತ್ತ ತಂದ. ಹಣೆ ದಾಟಿತು, ಮೂಗು ದಾಟಿತು, ಗದ್ದ ಕಂಬಿಯ ಮೇಲೆ ಬಂತು. ಇಳಿಯಲಿಲ್ಲ. ಮೇಲೆಯೇ ನಿಂತು ಹಲ್ಲುಕಚ್ಚಿ ಹೇಳಿದ:

"ಈಗ ಎಣಿಸಿ."

"ಐದು" ಎಂದ ಅಧಿಕಾರಿ, ಮೆಲ್ಲಗೆ. ಕಾಗದದಲ್ಲಿ ಬರೆದು ಸಹಿ ಹಾಕಿದ.

ಏಣಿಯಣ್ಣ ಕೆಳಗಿಳಿದು ಕೈಗಳನ್ನು ಪ್ಯಾಂಟಿಗೆ ಒರೆಸಿಕೊಂಡ. ಅಧಿಕಾರಿಯ ಪಕ್ಕ ಹೋಗಿ, ಎಣಿಸುವವರ ಜಾಗದಲ್ಲಿ ನಿಂತ.

"ಮುಂದಿನ ಸರದಿ ನಿಮ್ದಲ್ವಾ ಸಾಹೇಬ್ರೇ? ಹತ್ತಿ. ಮೊಣಕೈ ನೆಟ್ಟಗೆ."