ಎದೆಮಟ್ಟದ ಗೋಡೆ

ಎದೆಮಟ್ಟದ ಗೋಡೆಯಾದರೂ ಎದ್ದಿರಬೇಕು ಎಂದು ಅಂದದ್ದು ಇಗೋಚೆಯೇ. ಅಂದ ಮೇಲೆ ಬಾಯಿ ಮುಚ್ಚಿಕೊಂಡ. ಅಷ್ಟರಲ್ಲಿ ಪಕ್ಷದ ವಾರ್ಡ್ ಅಧ್ಯಕ್ಷ ಓಕ್ಲೋಬಿಯಾನ ಜಗಲಿಯಲ್ಲಿ ಕೂತಿದ್ದವರೆಲ್ಲ ಕೋಲಾ ಬೀಜ ಜಗಿಯುವುದನ್ನು ನಿಲ್ಲಿಸಿದ್ದರು.

ಪ್ರಶ್ನೆ ಕೇಳಿದವಳು ವಾರ್ಡ್ ಸಮಿತಿಯ ಮಹಿಳಾ ನಾಯಕಿ. ಈ ಸಲದ ರಾಜ್ಯ ಬಜೆಟ್ಟಿನಲ್ಲಿ ಹೊಸ ಕಾಮಗಾರಿಗೆ ಜಾಗವಿಲ್ಲ, ಶುರುವಾಗಿ ಅರ್ಧಕ್ಕೆ ನಿಂತವನ್ನು ಮಾತ್ರ ಸೇರಿಸುತ್ತಾರೆ ಎಂದು ರಾಜ್ಯದ ರಾಜಧಾನಿ ಮಕುರ್ಡಿಯಿಂದ ಪಕ್ಷದವರು ಹೇಳಿಕಳಿಸಿದ್ದರು. ಸ್ಟೇಷನ್ ವಾರ್ಡಿನವರು ಅಂಥದೊಂದನ್ನು ಸಂಜೆಯೊಳಗೆ ಫೋಟೋ ಸಮೇತ ತೋರಿಸಬೇಕು. ಶುರುವಾಗಿದೆ ಅನ್ನಬೇಕಾದರೆ ಎಷ್ಟು ಶುರುವಾಗಿರಬೇಕು ಎಂದು ಅವಳು ಕೇಳಿದಳು. ಇಗೋಚೆ ಸಮಿತಿಯ ಕಾರ್ಯದರ್ಶಿ. ಶಿಕ್ಷಕರ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಮೇಷ್ಟ್ರು. ಪ್ರಶ್ನೆ ಬಂದ ಮೇಲೆ ಉತ್ತರ ಕೊಡದೆ ಇರುವುದು ಅವನಿಂದಾಗದು. ಬರೀ ಅಡಿಪಾಯ ಸಾಲದು, ಕಣ್ಣಿಗೆ ಕಾಣುವಂಥದ್ದು ಬೇಕು ಎಂದು ತರಗತಿಯಲ್ಲಿ ವಿವರಿಸಿದ ಹಾಗೆ ವಿವರಿಸಿದ್ದ.

"ಎದೆಮಟ್ಟದ ಗೋಡೆ," ಎಂದ ಅಧ್ಯಕ್ಷ, ಸಾರಿನ ರುಚಿ ನೋಡುವವನ ಹಾಗೆ. "ರೈಲ್ವೆ ಸ್ಟೇಷನ್ ಪಕ್ಕ ಒಂದು ನಿಂತಿದೆಯಲ್ಲ, ಮೇಷ್ಟ್ರೇ."

"ಅದು ಹಳೇದು."

"ಹಳೇದಾದ್ರೆ ಒಳ್ಳೇದೇ ಆಯ್ತು. ಅರ್ಧಕ್ಕೆ ನಿಂತು ಹಳೇದಾಗಿರೋದನ್ನ ನೋಡಿದ್ರೆ ಸರ್ಕಾರದ್ದೇ ಅಂತ ಯಾರಾದ್ರೂ ನಂಬ್ತಾರೆ."

ಎಲ್ಲರೂ ನಕ್ಕರು. ಅದು ಸರ್ಕಾರದ್ದಲ್ಲ ಎಂಬ ವಾಕ್ಯ ಇಗೋಚೆಯ ಬಾಯಲ್ಲಿ ಸಿದ್ಧವಾಗಿತ್ತು. ಕರ್ತೃ, ಕ್ರಿಯಾಪದ ಎಲ್ಲ ಸರಿಯಾಗಿದ್ದ ವಾಕ್ಯ. ನಗು ನಿಲ್ಲಲಿ ಎಂದು ಕಾದ. ನಗು ನಿಂತಾಗ ಮಾತು ಫೋಟೋಕ್ಕೆ ಯಾವ ಅಂಗಿ ಹಾಕಬೇಕು ಎಂಬಲ್ಲಿಗೆ ಹೋಗಿತ್ತು.

ನಾಲ್ಕು ಬಜೆಟ್ಟುಗಳಿಗೆ ಅವನು ವಾರ್ಡಿನ ಬೇಡಿಕೆ ಬರೆದುಕೊಟ್ಟಿದ್ದ. ಚರಂಡಿ, ಶಾಲೆಗೊಂದು ಶೌಚಾಲಯ, ಮಾರುಕಟ್ಟೆಗೆ ದೀಪ. ಪ್ರತಿವರ್ಷ ಅಚ್ಚಾಗಿ ಬಂದ ಬಜೆಟ್ ಪುಸ್ತಕದಲ್ಲಿ ಸ್ಟೇಷನ್ ವಾರ್ಡಿನ ಹೆಸರೇ ಇರುತ್ತಿರಲಿಲ್ಲ. ಒಳಗಿದ್ದರೆ ಏನಾದರೂ ಮಾಡಬಹುದು ಎಂದು ಪಕ್ಷ ಸೇರಿದವನು ಅವನು. ಒಳಗೆ ಎಂದರೆ ಈ ಜಗಲಿ ಎಂದು ತಿಳಿಯುವುದಕ್ಕೆ ತುಸು ಸಮಯ ಹಿಡಿದಿತ್ತು. ಜಗಲಿಯ ಬೆಂಚುಗಳಿಗೆ ಈಗ ಹಸಿರು ಬಣ್ಣ. ಅಧ್ಯಕ್ಷ ಹಿಂದಿನ ಪಕ್ಷದಲ್ಲಿದ್ದಾಗ ನೀಲಿ ಇತ್ತು. ಬೆಂಚಿನ ಕಾಲಿನ ಹತ್ತಿರ ಇನ್ನೂ ಕಾಣುತ್ತದೆ.

"ವಾಚನಾಲಯ ಅಂತ ಸೇರಿಸೋಣ," ಎಂದ ಇಗೋಚೆ. ತಾನು ಅಷ್ಟನ್ನಾದರೂ ಹೇಳಿದ್ದು ಅವನಿಗೇ ಆಶ್ಚರ್ಯವಾಯಿತು.

"ಸಮುದಾಯ ಭವನ ಅನ್ನಿ," ಎಂದ ಅಧ್ಯಕ್ಷ. "ವಾಚನಾಲಯ ಅಂದ್ರೆ ದುಡ್ಡು ಬರಲ್ಲ, ಪುಸ್ತಕ ಬರುತ್ತೆ." ಆಮೇಲೆ ದನಿ ತಗ್ಗಿಸಿ, ಬರುವ ಕೌನ್ಸಿಲ್ ಚುನಾವಣೆಯ ಟಿಕೆಟ್ಟು ಮೇಷ್ಟ್ರಿಗೇ ಎಂದು ಮಕುರ್ಡಿಯಲ್ಲಿ ಮಾತಾಡಿದ್ದೇನೆ ಎಂದ. ಅದೇ ಟಿಕೆಟ್ಟನ್ನು ಅವನು ಯುವ ನಾಯಕ ಲೈನಸನಿಗೂ ಕೊಟ್ಟಿದ್ದ. ಯುವ ನಾಯಕನಿಗೆ ಐವತ್ತು ದಾಟಿತ್ತು. ಕೂತು ಏಳುವಾಗ ಮೊಣಕಾಲು ಹಿಡಿದುಕೊಳ್ಳುತ್ತಿದ್ದ.

ಹಳಿಯ ಗುಂಟ ಎಲ್ಲರೂ ನಡೆದರು. ಹರ್ಮಟ್ಟಾನ್ ಗಾಳಿ ಮರಳುಗಾಡಿನ ಧೂಳನ್ನು ಹೊತ್ತು ತಂದು ಸೂರ್ಯನಿಗೆ ಮುಸುಕು ಹಾಕಿತ್ತು. ಹಳಿಗಳ ನಡುವೆ ಆಡುಗಳು ಮಲಗಿದ್ದವು. ರೈಲು ಬಾರದೆ ಎಷ್ಟು ಕಾಲವಾಯಿತೆಂದು ಅವಕ್ಕೆ ಯಾರೂ ಹೇಳಬೇಕಾಗಿರಲಿಲ್ಲ.

ಒಂದು ಕಾಲಕ್ಕೆ ಉತ್ತರದಿಂದ ಬರುವ ರೈಲು ಹಿಂದಿನ ದಿನದ ಪತ್ರಿಕೆಗಳನ್ನು ತರುತ್ತಿತ್ತು. ಗಾರ್ಡು ಕಟ್ಟನ್ನು ಪ್ಲಾಟ್‌ಫಾರ್ಮಿಗೆ ಎಸೆಯುತ್ತಿದ್ದ. ಅದನ್ನು ಹಿಡಿಯಲು ಇಗೋಚೆ ಮತ್ತು ಅವನ ಗೆಳೆಯ ಎಜೆಂಬಿ ಓಡುತ್ತಿದ್ದರು. ಇಬ್ಬರೂ ವಿಶ್ವವಿದ್ಯಾಲಯದಿಂದ ರಜಕ್ಕೆ ಬಂದವರು, ಇಬ್ಬರ ನಡುವೆ ಒಂದೇ ಜೊತೆ ಒಳ್ಳೆಯ ಷೂ. ಪತ್ರಿಕೆ ಬಂದಿಳಿಯುವ ಜಾಗದಲ್ಲೇ ಓದುವ ಕೋಣೆ ಇರಬೇಕು ಎಂದವನು ಎಜೆಂಬಿ. ಪಾದ್ರಿಗಳ ಹತ್ತಿರ ಇಟ್ಟಿಗೆಯ ಅಚ್ಚು ಎರವಲು ತಂದರು. ಸ್ಟೇಷನ್ನಿನ ಹಮಾಲಿಗಳು ಬಿಡುವಾದಾಗ ಬಂದು ಸಾಲಾಗಿ ನಿಂತು ಗಾರೆಯ ಬಾಂಡಲಿ ದಾಟಿಸಿದರು. ಕಿಟಕಿ ಎಷ್ಟು ಎತ್ತರದಲ್ಲಿರಬೇಕು ಎಂದು ಒಂದಿಡೀ ಮಧ್ಯಾಹ್ನ ಜಗಳವಾಯಿತು. ಹೊರಗೆ ನಿಂತ ಮಗುವಿಗೂ ಪುಸ್ತಕ ಕಾಣಬೇಕು, ಕಿಟಕಿ ಸೊಂಟದ ಕೆಳಗೇ ಇರಲಿ ಎಂದು ಎಜೆಂಬಿಯ ಹಟ. ಆಡು ತಲೆ ತೂರಿಸಿ ಪತ್ರಿಕೆ ತಿಂದೀತು ಎಂದು ಇಗೋಚೆಯ ವಾದ.

"ತಿನ್ನಲಿ ಬಿಡೋ," ಎಂದಿದ್ದ ಎಜೆಂಬಿ. "ಯಾರಾದ್ರೂ ಒಬ್ರು ಪೂರ್ತಿ ಓದಿದ ಹಾಗಾಯ್ತು."

ಆಗ ಸೈನ್ಯದ ಆಡಳಿತ. ಗವರ್ನರ್ ಸಮವಸ್ತ್ರದಲ್ಲೇ ಬಜೆಟ್ ಓದುತ್ತಿದ್ದ. ಪತ್ರಿಕೆಯಲ್ಲಿ ಬಂದ ಆ ಭಾಷಣವನ್ನು ಎಜೆಂಬಿ ಅರ್ಧ ಎದ್ದ ಗೋಡೆಯ ಮೇಲೆ ಕೂತು ಹಮಾಲಿಗಳಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದ. ಪ್ರತಿ ಬಾಬತ್ತಿನ ಕೊನೆಗೆ ತಲೆಯೆತ್ತಿ, ಇದರಲ್ಲಿ ನಮಗೇನು ಎಂದು ಕೇಳುತ್ತಿದ್ದ. ಏನಿಲ್ಲ ಎಂದು ಹಮಾಲಿಗಳು ಚರ್ಚಿನಲ್ಲಿ ಪಾದ್ರಿಗೆ ಮಾರುತ್ತರ ಕೊಡುವ ರಾಗದಲ್ಲೇ ಹೇಳುತ್ತಿದ್ದರು. ಬಜೆಟ್ಟನ್ನು ಅಷ್ಟು ಸಂತೋಷದಿಂದ ಕೇಳಿದ ಜನರನ್ನು ಇಗೋಚೆ ಆಮೇಲೆ ಎಲ್ಲೂ ನೋಡಲಿಲ್ಲ. ಅವನ ವಿದ್ಯಾರ್ಥಿಗಳು ಪರೀಕ್ಷೆಗೆ ಬರುತ್ತದೆಯೇ ಎಂದು ಮಾತ್ರ ಕೇಳುತ್ತಿದ್ದರು.

ಗೋಡೆಯನ್ನು ಯಾರೂ ಕೆಡವಲಿಲ್ಲ. ಯಾರೂ ದ್ರೋಹ ಮಾಡಲಿಲ್ಲ. ಸಿಮೆಂಟು ಮುಗಿಯಿತು, ರಜ ಮುಗಿಯಿತು, ನೌಕರಿ ಸಿಕ್ಕಿತು, ರೈಲು ನಿಂತಿತು. ಎಜೆಂಬಿ ಹುತಾತ್ಮನೂ ಆಗಲಿಲ್ಲ. ಬಾಡಿಗೆ ಮೋಟರ್‌ಬೈಕಿನ ಹಿಂದೆ ಕೂತು ಹೋಗುತ್ತಿದ್ದಾಗ ಬಿದ್ದು ಸತ್ತ. ಮಡಿಲಲ್ಲಿ ಒಂದು ಕೋಳಿ ಇತ್ತಂತೆ. ಅದಕ್ಕೆ ಏನೂ ಆಗಲಿಲ್ಲ.

ಈಗ ಆ ಗೋಡೆಗಳ ನಡುವೆ ಎಜೆಂಬಿಯ ತಂಗಿ ಎಲಾಡಿ ತಗಡು ಹೊದಿಸಿಕೊಂಡು ಊಟದ ಅಂಗಡಿ ನಡೆಸುತ್ತಿದ್ದಳು. ಗಾಳಿಗೆ ಮರೆ, ಒಲೆಗೆ ಮೂಲೆ. ಸೊಂಟದ ಕೆಳಗಿನ ಕಿಟಕಿಯಿಂದ ತಟ್ಟೆಗಳನ್ನು ಹೊರಗೆ ದಾಟಿಸುತ್ತಿದ್ದಳು. ಹೊರಗಿನ ಬೆಂಚಿನ ಮೇಲೆ ಕೂತು ತಿನ್ನುವವರಿಗೆ ಕಿಟಕಿ ಸರಿಯಾಗಿ ಕೈಯಳತೆಗೆ ಇತ್ತು. ಇಗೋಚೆ ವಾರಕ್ಕೆರಡು ಸಲವಾದರೂ ಅಲ್ಲಿ ಕುಟ್ಟಿದ ಗೆಡ್ಡೆಯ ಮುದ್ದೆಯನ್ನು ಲೋಳೆ ಸಾರಿನಲ್ಲಿ ಅದ್ದಿ ತಿನ್ನುತ್ತಿದ್ದ. ಇಬ್ಬರೂ ಗೋಡೆಯ ಮಾತೆತ್ತುತ್ತಿರಲಿಲ್ಲ.

ಅಧ್ಯಕ್ಷ ಅವಳಿಗೆ ಎಲ್ಲವನ್ನೂ ನಯವಾಗಿಯೇ ಹೇಳಿದ. ಇವತ್ತೊಂದು ದಿನ ತಗಡು ತೆಗೆಯಬೇಕು, ಪಾತ್ರೆ ಬದಿಗಿಡಬೇಕು. ವಾರ್ಡಿಗೆ ಭವನ ಬಂದ ಮೇಲೆ ಅದರ ಅಡುಗೆಮನೆ ಅವಳದೇ. ಎಲಾಡಿ ತಲೆಯಾಡಿಸುತ್ತ ಅಲಸಂದೆಯ ಮಡಕೆಯಲ್ಲಿ ಸೌಟು ತಿರುವಿದಳು. ಅವನು ಅತ್ತ ಹೋದ ಮೇಲೆ ಕಿಟಕಿಯೊಳಗಿಂದ ಇಗೋಚೆಯನ್ನು ಕರೆದಳು. ಅವನು ಬಗ್ಗಬೇಕಾಯಿತು.

"ಇದು ನೀನು ಹೇಳಿದ್ದಾ ಅಣ್ಣ?"

"ನಾನು ಈ ಗೋಡೆ ಹೆಸರು ತೆಗೀಲಿಲ್ಲ."

"ನಾನು ಅದನ್ನ ಕೇಳ್ಲಿಲ್ಲ."

ಅವನು ಕಿಟಕಿಯ ಅಂಚಿನಲ್ಲಿದ್ದ ಉಪ್ಪಿನ ಡಬ್ಬಿಯನ್ನು ಸರಿಸಿದ. ಭವನ ಕಟ್ಟುವುದೇನೂ ಇಲ್ಲ, ಹೆದರಬೇಡ, ಬಜೆಟ್ಟಿನಲ್ಲಿ ಬಂದದ್ದೆಲ್ಲ ನೆಲಕ್ಕೆ ಬರುವುದಿಲ್ಲ ಎಂದು ಸಮಾಧಾನ ಹೇಳಿದ. ತಾನು ಕಲಿಸುವ ವಿಷಯದಲ್ಲಿ ಖಚಿತವಾಗಿ ಗೊತ್ತಿದ್ದದ್ದು ಅವನಿಗೆ ಅದೊಂದೇ.

"ಕಟ್ಟಲ್ಲ ಅಂತ ನಂಗೂ ಗೊತ್ತು," ಎಂದಳು ಎಲಾಡಿ. "ಬೇಲಿ ಹಾಕ್ತಾರಲ್ಲ. ಬೋರ್ಡು ಹಾಕ್ತಾರಲ್ಲ. ಆಮೇಲೆ ನಾನು ಒಳಗೆ ಬಂದ್ರೆ ಸರ್ಕಾರದ ಜಾಗಕ್ಕೆ ನುಗ್ಗಿದೋಳು."

ಅವನು ಉಪ್ಪಿನ ಡಬ್ಬಿಯನ್ನು ಮತ್ತೆ ಮೊದಲಿನ ಜಾಗಕ್ಕೆ ಸರಿಸಿದ.

"ಇದನ್ನ ಕಟ್ಟಿದ್ದು ಯಾರು ಅಂತ ಇವ್ರೆಲ್ಲರ ಮುಂದೆ ಒಂದ್ಸಲ ಹೇಳು. ಜಗಳ ಆಡ್ಬೇಡ. ಹೇಳು ಸಾಕು. ನಾನು ಹೇಳಿದ್ರೆ ಸಾರು ಮಾರೋಳು ಹೇಳಿದ್ದಾಗುತ್ತೆ. ನೀನು ಹೇಳಿದ್ರೆ ಗೋಡೆ ಉಳಿಯುತ್ತೆ."

"ಹೇಳ್ತೀನಿ. ಸಮಯ ನೋಡ್ಕೊಂಡು ಹೇಳ್ತೀನಿ."

"ಹಾಗೇ ಆಗಲಿ, ಕಾರ್ಯದರ್ಶಿಗಳೇ," ಎಂದಳು. "ತಮ್ಮ ಸಮಯ ಯಾವಾಗ ಬರುತ್ತೋ ಆವಾಗಲೇ ಹೇಳಿ."

ಹತ್ತು ವರ್ಷದ ಹುಡುಗಿಯಾಗಿದ್ದಾಗಿನಿಂದ ಅವಳು ಅವನಿಗೆ ನೀವು ಅಂದಿರಲಿಲ್ಲ.

ಲೈನಸ್ ತನ್ನ ಮನೆ ಕಟ್ಟಿಸಿ ಉಳಿದಿದ್ದ ಅರ್ಧ ಚೀಲ ಸಿಮೆಂಟು ತರಿಸಿದ. ಬಾಂಡಲಿ ಯಾರ ಹತ್ತಿರವೂ ಇರಲಿಲ್ಲ; ಎಲಾಡಿಯ ಪಾತ್ರೆ ತೊಳೆಯುವ ತಗಡಿನ ಬೋಗುಣಿಯನ್ನೇ ತಂದರು. ಕೆಲಸ ನಡೆಯುತ್ತಿರುವ ಹಾಗೆ ಕಾಣಬೇಕು ಎಂದು ಅಧ್ಯಕ್ಷ ಹೇಳಿದ. ಕೆಲಸ ಮಾಡುವವರು ಕ್ಯಾಮೆರಾ ನೋಡುವುದಿಲ್ಲ, ಯಾರೂ ಫೋನಿನ ಕಡೆ ನೋಡಬಾರದು. ಲೈನಸ್ ಮರಳಿನ ಮೇಲೆ ಸಿಮೆಂಟು ಸುರಿದು, ಅದರ ಮೇಲೆ ಒಂದು ಬಕೆಟ್ಟು ನೀರನ್ನೂ ಒಮ್ಮೆಲೇ ಸುರಿದ.

"ಹಾಗಲ್ಲ," ಎಂದ ಇಗೋಚೆ.

ಸಲಿಕೆ ಕಸಿದುಕೊಂಡ. ಅಂಗಿಯ ತೋಳು ಮಡಚಿದ. ಒಣದನ್ನು ಬದಿಯಿಂದ ಎಳೆದು, ನಡುವೆ ಗುಂಡಿ ಮಾಡಿ, ನೀರನ್ನು ಅದರಲ್ಲಿ ಕೂಡಿಸಿ ಸುತ್ತಲಿನಿಂದ ಮಗುಚತೊಡಗಿದ. ಸಲಿಕೆಯ ಅಂಚು ನೆಲಕ್ಕೆ ತಾಗುವ ಸದ್ದು ಕೇಳಿದ್ದೇ ಅವನ ಬೆನ್ನು ತಾನಾಗಿ ಬಗ್ಗಿತು. ಮರಳು ಜರಡಿ ಹಿಡಿಯಬೇಕಿತ್ತು, ಕಲ್ಲು ಸಿಗುತ್ತಿದೆ ಎಂದ. ಬೆವರು ಕಣ್ಣಿಗಿಳಿಯಿತು. ಪಕ್ಕದಲ್ಲಿ ಯಾರೋ ಸೀಟಿ ಹಾಕುತ್ತ ಇಟ್ಟಿಗೆ ನೆನೆಸುತ್ತಿರುವ ಹಾಗೆ, ಇನ್ನೇನು ರೈಲು ಬಂದು ಎಲ್ಲರೂ ಕೈ ಬಿಟ್ಟು ಓಡುವ ಹಾಗೆ ಅನ್ನಿಸಿತು. ನಾಚಿಕೆಯಾಗುವಷ್ಟು ಸಂತೋಷವಾಯಿತು. ಸಮಿತಿಗೆ ಬಂದ ಮೇಲೆ ಅವನು ಮಾಡಿದ ಮೊದಲ ಕೆಲಸ ಅದು.

"ಮೇಷ್ಟ್ರೇ, ಇದು ಬರೀ ಫೋಟೋಗೆ," ಎಂದ ಲೈನಸ್. "ಅಷ್ಟು ಚೆನ್ನಾಗಿ ಕಲಸ್ಬೇಡಿ."

ಆಗ ಅಧ್ಯಕ್ಷನಿಗೆ ಹೆಸರುಗಳು ಕಂಡವು. ಕಿಟಕಿಯ ಕೆಳಗೆ, ಹಸಿ ಗಾರೆಯಲ್ಲಿ ಮೊಳೆಯಿಂದ ಗೀಚಿದ್ದು: ಎಜೆಂಬಿ, ಇಗೋಚೆ, ಪಕ್ಕದಲ್ಲಿ ಇಸವಿ. ತಟ್ಟೆ ಒರಗಿಸಿ ಒರಗಿಸಿ ಅರ್ಧ ಸವೆದಿದ್ದವು. ಅಧ್ಯಕ್ಷ ಬಗ್ಗಿ ಓದಿದ. ನಂತರ ಇಗೋಚೆಯತ್ತ ತಿರುಗಿದ.

"ನಿಮ್ಮ ಹೆಸರಿನೋರು ವಾರ್ಡಲ್ಲಿ ಬೇರೆ ಯಾರಾದ್ರೂ ಇದ್ರಾ?"

ಸಮಯ ಅದೇ ಆಗಿತ್ತು. ಎಲಾಡಿ ಮಡಕೆ ಹೊತ್ತುಕೊಂಡು ಹೋಗುತ್ತಿದ್ದವಳು ನಿಂತಳು.

"ಇದ್ದ," ಎಂದ ಇಗೋಚೆ. "ಈಗಿಲ್ಲ."

ಅಧ್ಯಕ್ಷನಿಗೆ ಅಷ್ಟು ಸಾಕಾಯಿತು. ಒಂದೇ ಏಟಿಗೆ ಎರಡು ಕೆಲಸ, ಈ ಗಾರೆಯನ್ನು ಇದರ ಮೇಲೇ ಬಳಿದರಾಯಿತು ಎಂದ. ತನ್ನ ಬಿಳಿ ನಿಲುವಂಗಿಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಕರಣೆ ಹಿಡಿದು ಗೋಡೆಯ ಬುಡದಲ್ಲಿ ತಾನೇ ಕೂತ. ಗಾರೆ ದಾಟಿಸುವ ಸಾಲಿನಲ್ಲಿ ಒಬ್ಬ ಹೆಂಗಸಿದ್ದರೆ ಮಕುರ್ಡಿಯವರಿಗೆ ಇಷ್ಟವಾಗುತ್ತದೆ ಎಂದು ಅವನೇ ಹೇಳಿದ. ಮಹಿಳಾ ನಾಯಕಿ ತನ್ನ ಹೊಸ ತಲೆವಸ್ತ್ರ ಮುಟ್ಟಿ ನೋಡಿಕೊಂಡು ಹಿಂದೆ ಸರಿದಳು. ಹಾಗಾಗಿ ಎಲಾಡಿಯನ್ನು ನಡುವೆ ನಿಲ್ಲಿಸಿದರು. ಇಗೋಚೆ ಅವಳಿಗೆ ಬೋಗುಣಿ ಕೊಡಬೇಕು, ಅವಳು ಅಧ್ಯಕ್ಷನಿಗೆ ದಾಟಿಸಬೇಕು. ಲೈನಸ್ ಫೋನ್ ಹಿಡಿದು ಹಳಿ ಕಾಣದ ಹಾಗೆ ಹಿಂದೆ ಹಿಂದೆ ಹೋದ.

ಇಗೋಚೆ ಬೋಗುಣಿಯನ್ನು ಎದೆಯ ಮಟ್ಟಕ್ಕೆ ಎತ್ತಿ ಮುಂದೆ ಚಾಚಿದ. ತುಂಬ ಚೆನ್ನಾಗಿ ಕಲಸಿದ್ದ ಗಾರೆ ತುಂಬ ಭಾರವಾಗಿತ್ತು.

ಎಲಾಡಿಯ ಕೈಗಳು ಪಕ್ಕದಲ್ಲೇ ಇದ್ದವು.

"ಹಿಡ್ಕೋ," ಎಂದ ಅವನು, ತುಟಿ ಅಲುಗಿಸದೆ.

"ಮೊದ್ಲು ಹೇಳು," ಎಂದಳು.

"ಮೇಷ್ಟ್ರೇ, ಮಾತಾಡ್ಬೇಡಿ, ಮುಖ ಕೆಡುತ್ತೆ," ಎಂದು ಲೈನಸ್ ದೂರದಿಂದ ಕೂಗಿದ. ಗುಂಡಿ ಒತ್ತಿದ. ಮತ್ತೆ ಒತ್ತಿದ. ಫೋನನ್ನು ಕಣ್ಣಿನ ಹತ್ತಿರ ತಂದುಕೊಂಡು ನೋಡಿದ. "ಯಾರೂ ಅಲ್ಲಾಡ್ಬೇಡಿ. ಇದರಲ್ಲಿ ಜಾಗ ಇಲ್ಲ. ಹಳೇ ಫೋಟೋ ಎಲ್ಲ ಅಳಿಸ್ತಾ ಇದೀನಿ."

ಯಾರೂ ಅಲುಗಲಿಲ್ಲ. ಅಧ್ಯಕ್ಷ ಖಾಲಿ ಕರಣೆಯನ್ನು ಹೆಸರುಗಳ ಮುಂದೆ ಹಿಡಿದು ಕೂತಿದ್ದ. ಲೈನಸ್ ಹೆಬ್ಬೆರಳಿನಿಂದ ಒಂದೊಂದನ್ನೇ ನೋಡಿ ಅಳಿಸುತ್ತಿದ್ದ. ಕೆಲವನ್ನು ಅಳಿಸುವ ಮುಂಚೆ ಸ್ವಲ್ಪ ಹೊತ್ತು ನೋಡುತ್ತಿದ್ದ. ಇಗೋಚೆ ಬೋಗುಣಿಯನ್ನು ಕೆಳಗಿಡುವ ಹಾಗಿರಲಿಲ್ಲ, ತೆಗೆದುಕೊಳ್ಳುವವರಿರಲಿಲ್ಲ. ಒಣ ಗಾಳಿ ಗಾರೆಯ ಮೇಲಿನ ನೀರನ್ನು ಹೀರುತ್ತಿತ್ತು. ಮೊದಲು ಅಂಚಿನಲ್ಲಿ, ಅವನ ಹೆಬ್ಬೆರಳುಗಳು ಮುಳುಗಿದ್ದಲ್ಲಿ, ಅದು ಬಿಳಿಚಿಕೊಂಡು ಬಿಗಿಯತೊಡಗಿತು.