ಡಿಸ್ಚಾರ್ಜ್ ಪದಕ್ಕೊಂದು ಸಾಕ್ಷಿ

ಹೆಸ್ಟರ್ ಓಲ್ಡ್‌ರಾಯ್ಡ್‌ಗೆ ಆತ್ಮವಿಶ್ವಾಸ ಕಡಿಮೆ ಎಂದು ಯಾರ್ಕ್ ಪಟ್ಟಣದಲ್ಲಿ ಯಾರೂ ದೂರಿದವರಿಲ್ಲ. ಡಾಕ್ಟರ್ ಗಾರ್ತ್‌ವೇಟರ ನಿಘಂಟು ಕಚೇರಿಯಲ್ಲಿ ಒಂಬತ್ತು ವರ್ಷ ಚೀಟಿಗಳನ್ನು ಅಕಾರಾದಿಯಾಗಿ ಜೋಡಿಸುತ್ತ ಕೂತವಳು, ಹತ್ತನೆಯ ವರ್ಷ ಸೀದಾ ಅವರ ಮೇಜಿನ ಮುಂದೆ ಹೋಗಿ ನಿಂತಳು.

"ನನಗೊಂದು ಕ್ರಿಯಾಪದ ಕೊಡಿ ಸರ್. ಚಿಕ್ಕದು ಬೇಡ."

ಮುದುಕರು ಕನ್ನಡಕದ ಮೇಲಿಂದ ನೋಡಿದರು. "ಡಿಸ್ಚಾರ್ಜ್ ತಗೋಳಮ್ಮ. ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಅಚ್ಚುಕೂಟದವನು ಬರ್ತಾನೆ. ಅಷ್ಟರಲ್ಲಿ ಮುಗಿದ್ರೆ ಇನ್ಮೇಲೆ ಕ್ರಿಯಾಪದಗಳೆಲ್ಲ ನಿನ್ನವು. ಮುಗೀಲಿಲ್ಲ ಅಂದ್ರೆ ಅದು ಫ್ಯಾನ್‌ಶಾಗೆ, ನೀನು ವಾಪಸ್ ಅಕಾರಾದಿಗೆ."

ಫ್ಯಾನ್‌ಶಾ ಎಂದರೆ ಕೇಂಬ್ರಿಜ್‌ನಲ್ಲಿ ಓದಿ ಬಂದವನು. ಪಕ್ಕದ ಮೇಜಿನಲ್ಲಿ ಕೂತು ಪೆನ್ಸಿಲ್ ಚೂಪು ಮಾಡುತ್ತಿದ್ದವನು ಇದನ್ನು ಕೇಳಿ ಮುಗುಳ್ನಕ್ಕ. ಆ ನಗು ಹೆಸ್ಟರಳಿಗೆ ಚೆನ್ನಾಗಿ ಗೊತ್ತಿತ್ತು. ಒಂಬತ್ತು ವರ್ಷದಲ್ಲಿ ಅದಕ್ಕೂ ಒಂದು ಚೀಟಿ ಬರೆದಿಡಬಹುದಿತ್ತು.

ಪದವೇನೂ ಸಾಮಾನ್ಯದ್ದಲ್ಲ. ಉದ್ದ ಕೋಟು ತೊಟ್ಟು ನ್ಯಾಯಾಲಯ, ಚರ್ಚು, ರಾಜಸಭೆಗಳಿಗೆ ಹೋಗಿ ಬರುವ ಪದ. ದೇಶದ ಮೂಲೆಮೂಲೆಯಿಂದ ಪಾದ್ರಿಗಳು, ನಿವೃತ್ತ ಕ್ಯಾಪ್ಟನ್‌ಗಳು, ಮದುವೆಯಾಗದ ಮೇಡಂಗಳು ಪುಸ್ತಕ ಓದಿ, ಡಿಸ್ಚಾರ್ಜ್ ಎಂಬ ಪದ ಕಂಡಲ್ಲೆಲ್ಲ ವಾಕ್ಯವನ್ನು ಚೀಟಿಗೆ ಇಳಿಸಿ ಕಳಿಸಿದ್ದರು. ಒಟ್ಟು ಸಾವಿರದ ನೂರು ಚೀಟಿ. ಹಡಗು ಸರಕು ಇಳಿಸಿದರೂ ಡಿಸ್ಚಾರ್ಜ್, ಫಿರಂಗಿ ಗುಂಡು ಹಾರಿಸಿದರೂ ಅದೇ. ಸಿಪಾಯಿಯನ್ನು ದಂಡಿನಿಂದ ಬಿಟ್ಟರೂ, ಅಡುಗೆಯವಳನ್ನು ಮನೆಯಿಂದ ಕಳಿಸಿದರೂ, ಕೈದಿಯ ಬೇಡಿ ಬಿಚ್ಚಿದರೂ, ಹುಣ್ಣಿನಿಂದ ಕೀವು ಬಂದರೂ, ನದಿ ಸಮುದ್ರ ಸೇರಿದರೂ ಅದೇ ಪದ. ಹೆಸ್ಟರ್ ಹೆದರಲಿಲ್ಲ. ಸೋಮವಾರದಿಂದ ಶುಕ್ರವಾರದವರೆಗೆ ಇಪ್ಪತ್ತಮೂರು ಗುಂಪು ಮಾಡಿ, ಒಂದೊಂದಕ್ಕೂ ದಾರ ಕಟ್ಟಿದಳು.

ಶುಕ್ರವಾರ ಮಧ್ಯಾಹ್ನ ಎರಡು ಗಂಟೆಗೆ ಕೊನೆಯ ಗುಂಪು ಬಿಚ್ಚಿದಾಗ ಅವಳ ಕೈ ಅಲ್ಲೇ ನಿಂತಿತು. 'ಕರ್ತವ್ಯವನ್ನು ನೆರವೇರಿಸು' ಎಂಬ ಅರ್ಥದ್ದು ಅದು. ಹಳೆಯ ಕಾಲದ ಮೂವರು ಬಿಷಪ್ಪರ ವಾಕ್ಯಗಳು ಅದರಲ್ಲಿ ಇದ್ದವು. ಈ ನೂರು ವರ್ಷದ್ದು ಒಂದು ಚೀಟಿಯೂ ಇಲ್ಲ.

ನಿಘಂಟಿನ ಕಾನೂನು ಗೋಡೆಯ ಮೇಲೇ ಅಂಟಿಸಿತ್ತು. ಪ್ರತಿ ಅರ್ಥಕ್ಕೂ ಪ್ರತಿ ಶತಮಾನದಿಂದ ಒಂದು ಅಚ್ಚಾದ ವಾಕ್ಯ ಬೇಕು. ಇಸವಿ ಬೇಕು, ಮುದ್ರಕನ ಹೆಸರು ಬೇಕು. ನಮ್ಮ ತಲೆಯಿಂದ ಒಂದು ಅಕ್ಷರವೂ ಹಾಕುವಂತಿಲ್ಲ. ಈಗಿನ ಶತಮಾನದ ಸಾಕ್ಷಿ ಇಲ್ಲದ ಅರ್ಥದ ಪಕ್ಕದಲ್ಲಿ ಪುಟ್ಟ ಕತ್ತಿಯ ಗುರುತು ಬೀಳುತ್ತದೆ, ಎಂದರೆ ಆ ಅರ್ಥ ಸತ್ತಿದೆ ಎಂದು.

ಫ್ಯಾನ್‌ಶಾ ಬಗ್ಗಿ ನೋಡಿದ. "ಅಯ್ಯೋ ಪಾಪ! ಇಂಗ್ಲೆಂಡಿನಲ್ಲಿ ಕರ್ತವ್ಯ ಮಾಡೋರು ಯಾರೂ ಉಳಿದಿಲ್ಲ ಅಂತ ಅಚ್ಚು ಹಾಕಿಸ್ತೀರಾ, ಮಿಸ್ ಓಲ್ಡ್‌ರಾಯ್ಡ್?"

"ಹುಡುಕ್ತೀನಿ, ಬಿಡಿ."

"ಈ ಚೀಟಿಗಳಲ್ಲಿ ನೀವೇ ಓದಿ ಕಳಿಸಿದ್ದು ಎಷ್ಟಿದೆ?"

ಹೆಸ್ಟರ್ ಮನಸ್ಸಿನಲ್ಲೇ ಎಣಿಸಿದಳು. ಅರವತ್ತು ಇದ್ದವು. ಕಚೇರಿ ಸೇರುವ ಮುಂಚೆ ಓದುಗರಲ್ಲೊಬ್ಬಳಾಗಿ ತಾನೇ ಬರೆದು ಕಳಿಸಿದವು. ಒಂದರಲ್ಲಿ ಮೋಡ ಮಿಂಚನ್ನು ಡಿಸ್ಚಾರ್ಜ್ ಮಾಡಿತ್ತು, ಇನ್ನೊಂದರಲ್ಲಿ ಬಣ್ಣ ಹಾಕುವವನು ಬಟ್ಟೆಯ ಬಣ್ಣ ತೆಗೆದಿದ್ದ. ವಿಚಿತ್ರವಾದದ್ದು ಕಂಡರೆ ಬಾಯಿ ಬಿಟ್ಟುಕೊಂಡು ಬರೆದಿದ್ದಳು. ಮೇಯರ್‌ನಿಂದ ಹಿಡಿದು ಗಂಟೆ ಬಾರಿಸುವವನವರೆಗೆ ಎಲ್ಲರ ಬಾಯಲ್ಲೂ ಇರುವ ಈ ಕರ್ತವ್ಯದ ಮಾತು ಪುಟಪುಟದಲ್ಲಿ ಎದುರಾದಾಗ, ಇದನ್ನು ಇನ್ಯಾರೋ ಬರೆದಿರುತ್ತಾರೆ ಎಂದು ದಾಟಿ ಹೋಗಿದ್ದಳು. ಪಾದ್ರಿಗಳೂ ಕ್ಯಾಪ್ಟನ್‌ಗಳೂ ಹಾಗೇ ಅಂದುಕೊಂಡಿದ್ದರು. ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಐದು ಗಂಟೆಯವರೆಗೆ ಕಚೇರಿಯ ಕಪಾಟು ಜಾಲಾಡಿದಳು. ಕಾದಂಬರಿಕಾರರೆಲ್ಲ ಬಂದೂಕು ಹಾರಿಸುತ್ತಿದ್ದರು, ಇಲ್ಲವೇ ಅಡುಗೆಯವಳನ್ನು ಓಡಿಸುತ್ತಿದ್ದರು. ಪತ್ರಿಕೆಗಳಲ್ಲಿ ಹುಡುಕಿದರೆ ಗಾಡಿಗಟ್ಟಲೆ ಸಿಗುತ್ತಿತ್ತು, ಆದರೆ ಗಾರ್ತ್‌ವೇಟರು ಪತ್ರಿಕೆ ಮುಟ್ಟುತ್ತಿರಲಿಲ್ಲ. ಬೆಳಿಗ್ಗೆ ಓದಿ ಸಂಜೆ ಮೀನು ಸುತ್ತುವ ಕಾಗದ ಎನ್ನುತ್ತಿದ್ದರು. ಸುತ್ತುವ ಕಾಗದ ಎಂಬ ಮಾತು ನೆನಪಾದದ್ದೇ ತಡ, ಹೆಸ್ಟರ್ ಶಾಲು ಎಳೆದುಕೊಂಡು ಮನೆಯ ಕಡೆ ಬಿರಬಿರನೆ ನಡೆದಳು.

ಅವಳ ತಂದೆ ಜೊಸಾಯಾ ಊಸ್ ನದಿಯಲ್ಲಿ ದೋಣಿ ನಡೆಸುತ್ತಿದ್ದವನು. ಸತ್ತು ಹನ್ನೊಂದು ವರ್ಷ. ಮಣ್ಣಿಗೆ ಬಂದವರ ಕೈಗೆಲ್ಲ, ಅಲ್ಲಿನ ಪದ್ಧತಿಯಂತೆ, ಎರಡೆರಡು ಬಿಸ್ಕತ್ತಿನ ಪೊಟ್ಟಣ ಕೊಟ್ಟಿದ್ದರು. ಬಿಳಿ ಕಾಗದ, ಅದರ ಮೇಲೆ ಸತ್ತವನ ಬಗ್ಗೆ ಅಚ್ಚು ಹಾಕಿದ ನಾಲ್ಕು ಮಾತು, ಬೆನ್ನಿಗೆ ಕಪ್ಪು ಅರಗಿನ ಮುದ್ರೆ. ಹೆಸ್ಟರ್ ತನ್ನ ಪಾಲಿನದನ್ನು ಸ್ಮಶಾನದಿಂದ ಬರುವ ದಾರಿಯಲ್ಲೇ ಅಳುತ್ತ ತಿಂದಿದ್ದಳು. ಕಾಗದ ಗಾಳಿಗೆ ಹಾರಿ ನದಿಗೆ ಬಿದ್ದಿತ್ತು. ತಾಯಿ ಮಾತ್ರ ತನ್ನ ಪೊಟ್ಟಣವನ್ನು ಬಿಚ್ಚಿರಲೇ ಇಲ್ಲ.

ತಾಯಿ ಮಾರ್ಥಾ ಇಸ್ತ್ರಿ ಹಾಕುತ್ತಿದ್ದಳು. ಮಗಳ ಮಾತು ಕೇಳಿ ಪೆಟ್ಟಿಗೆಯಿಂದ ಪೊಟ್ಟಣ ತಂದಳೇನೋ ಹೌದು, ಆದರೆ ಕೈಬಿಡಲಿಲ್ಲ.

"ಓದ್ಕೋ. ಅಲ್ಲಿಂದಾನೇ ಓದ್ಕೋ."

ಹೆಸ್ಟರ್ ಓದಿದಳು. ಜೊಸಾಯಾ ಓಲ್ಡ್‌ರಾಯ್ಡ್, ನಲವತ್ತೊಂದು ವರ್ಷ ಈ ಕಡವಿನ ದೋಣಿಗಾರನಾಗಿದ್ದು ತನ್ನ ಕರ್ತವ್ಯವನ್ನು ಡಿಸ್ಚಾರ್ಜ್ ಮಾಡಿದವನು. ಅದೇ ಪದ, ಅದೇ ಅರ್ಥ! ಆದರೆ ಇಸವಿಯೂ ಮುದ್ರಕನ ಹೆಸರೂ ಮುದ್ರೆಯ ಕೆಳಗಿನ ಮಡಿಕೆಯೊಳಗೆ ಸಿಕ್ಕಿಕೊಂಡಿದ್ದವು.

"ಅಮ್ಮಾ, ಇದನ್ನ ಬಿಚ್ಚಬೇಕು."

"ಬಿಚ್ಚೋದಾ? ಬುದ್ಧಿ ನೆಟ್ಟಗಿದ್ಯೇನೇ ನಿಂಗೆ? ಇದನ್ನ ಬಿಚ್ಚಿಬಿಟ್ರೆ ಆ ಮನುಷ್ಯನ ಮಣ್ಣು ಮುಗಿದೋಯ್ತು ಅಂತ ಅರ್ಥ."

"ನಾಳೆ ಮಧ್ಯಾಹ್ನದೊಳಗೆ ಬೇಕು. ಇಲ್ಲಾಂದ್ರೆ ಆ ಫ್ಯಾನ್‌ಶಾ ನನ್ನ ಕ್ರಿಯಾಪದಾನ ತಗೊಂಡ್ ಹೋಗ್ತಾನೆ. ನಾನು ಸಾಯೋತನಕ ಚೀಟಿ ಜೋಡಿಸ್ಬೇಕು."

ಮಾರ್ಥಾಗೆ ಓದು ಬಾರದು. ಬೆರಳಿನಿಂದ ಅಕ್ಷರಗಳನ್ನು ಸವರಿದಳು. "ಇದನ್ನ ಬರಿ ಅಂತ ಹೇಳಿದ್ದು ಬೇಕರಿಯವನು. ದೊಡ್ಡ ಮಾತು, ಚೆನ್ನಾಗಿರತ್ತೆ ಅಂದ. ನಾನೂ ಹೂಂ ಅಂದೆ. ಹಂಗಂದ್ರೆ ಏನು ಅಂತ ಇವತ್ತಿಗೂ ಗೊತ್ತಿಲ್ಲ ನಂಗೆ. ಏನೇ ಅದು?"

"ಕೆಲಸ ಮಾಡಿದ ಅಂತ."

"ಅಷ್ಟೇನಾ? ಕೆಲಸ ಎಲ್ರೂ ಮಾಡ್ತಾರೆ." ತಾಯಿಯ ದನಿ ಗಡುಸಾಯಿತು. "ನಿಮ್ಮಪ್ಪ ಆಚೆ ದಡದಲ್ಲಿ ಒಬ್ಬಳು ಮುದುಕಿ ಕೂಗಿದ್ರೂ ಹೋಗೋನು. ಕೊನೇ ಜನ, ಕೊನೇ ಕುರಿ ದಡ ಹತ್ತೋವರ್ಗೂ ಹುಟ್ಟು ಕೆಳಗಿಡ್ತಾ ಇರ್ಲಿಲ್ಲ. ಆಮೇಲೆ ದೋಣಿ ಕಟ್ಟಿ, ಬಂದು, ಉಸ್ಸಪ್ಪಾ ಅಂತ ಕೂರೋನು. ಮಾಡಿದ್ದಲ್ಲ ಕಣೇ. ಹೊತ್ಕೊಂಡಿದ್ದನ್ನ ಪೂರ್ತಿ ಇಳಿಸಿದ್ದು."

ಹೆಸ್ಟರ್ ಐದು ದಿನದಿಂದ ಇಪ್ಪತ್ತಮೂರು ಗುಂಪುಗಳನ್ನು ಯಾವುದರ ಹಿಂದೆ ಯಾವುದು ಎಂದು ಅತ್ತಿತ್ತ ಸರಿಸುತ್ತಿದ್ದಳು. ಹಡಗು ಇಳಿಸುವುದು ಸರಕನ್ನು. ಫಿರಂಗಿ ಕಳೆದುಕೊಳ್ಳುವುದು ಗುಂಡನ್ನು. ಸಿಪಾಯಿಯ ಹೆಗಲಿಂದ ದಂಡು ಇಳಿಯುತ್ತದೆ, ದೋಣಿಗಾರನ ಹೆಗಲಿಂದ ದಿನ ಇಳಿಯುತ್ತದೆ. ಎಲ್ಲಕ್ಕೂ ತಾಯಿಬೇರು ಅದೇ. ಓದು ಬಾರದ ಅಮ್ಮ ಇಸ್ತ್ರಿಪೆಟ್ಟಿಗೆಯ ಪಕ್ಕ ನಿಂತು ಹೇಳಿಬಿಟ್ಟಿದ್ದಳು.

"ಅದನ್ನೇ ಬರೀತೀನಿ ಅಮ್ಮಾ. ನೀನು ಹೇಳಿದ್ದನ್ನೇ."

ಮಾರ್ಥಾ ಪೊಟ್ಟಣವನ್ನು ಮೇಜಿನ ಮೇಲಿಟ್ಟಳು. ಆಮೇಲೆ ತರಕಾರಿ ಚಾಕು ತಂದು, ಅರಗಿನ ಅಡಿಗೆ ತಾನೇ ತೂರಿಸಿದಳು. ಮುದ್ರೆ ಟಪ್ಪೆಂದು ಎದ್ದಿತು. ಒಳಮಡಿಕೆಯಲ್ಲಿ ಸಣ್ಣಕ್ಷರ: ಎಸ್. ಹೆಪ್‌ವರ್ತ್, ಮುದ್ರಕ, ೧೮೮೦. ಬಿಸ್ಕತ್ತು ಎರಡನ್ನೂ ಅವಳು ತಟ್ಟೆಯಲ್ಲಿಟ್ಟು ಮೇಲೆ ಬಟ್ಟೆ ಮುಚ್ಚಿದಳು.

ಶನಿವಾರ ಹತ್ತು ಗಂಟೆಗೆ ಹೆಸ್ಟರ್ ಕಾಗದವನ್ನೂ ಬರೆದು ಮುಗಿಸಿದ ಹಾಳೆಗಳನ್ನೂ ಸಂಪಾದಕರ ಮುಂದಿಟ್ಟಳು. ಫ್ಯಾನ್‌ಶಾ ಕರೆಯದೆ ಬಂದು ನಿಂತ.

"ಬಿಸ್ಕತ್ತಿನ ಕಾಗದ! ಬಿಷಪ್ಪರ ಪಕ್ಕದಲ್ಲಿ!" ಎಂದು ನಕ್ಕ. "ಸರ್, ಮೀನು ಸುತ್ತೋ ಕಾಗದ ಬೇಡ ಅಂದೋರು ನೀವೇ."

"ಇಸವಿ ಇದೆ, ಮುದ್ರಕನ ಹೆಸರಿದೆ. ಗೋಡೆ ಮೇಲೆ ಬರೆದಿರೋದು ಅಷ್ಟೇ" ಎಂದಳು ಹೆಸ್ಟರ್. "ಬೇಕಾದ್ರೆ ಇನ್ನೊಂದ್ಸಲ ಓದಿ, ಫ್ಯಾನ್‌ಶಾ ಅವರೇ. ದೊಡ್ಡ ಅಕ್ಷರದಲ್ಲೇ ಇದೆ."

ಗಾರ್ತ್‌ವೇಟರು ಕಾಗದವನ್ನು ಬೆಳಕಿಗೆ ಹಿಡಿದರು. ಅರಗಿನ ಕಲೆ ಆಗಷ್ಟೇ ಕಿತ್ತಂತೆ ಹೊಳೆಯುತ್ತಿತ್ತು. "ಇದು ಇಷ್ಟು ದಿನ ಎಲ್ಲಿತ್ತು?"

"ನಮ್ಮಮ್ಮನ ಪೆಟ್ಟಿಗೇಲಿ. ನಿನ್ನೆವರೆಗೂ ಬಿಚ್ಚಿರಲಿಲ್ಲ."

ಮುದುಕರು ಫ್ಯಾನ್‌ಶಾನ ಕಡೆ ತಿರುಗಿದರು. "ಮೀನು ಸುತ್ತಿದ ಕಾಗದಾನ ಬಿಸಾಡ್ತಾರಪ್ಪ. ಇದನ್ನ ಹನ್ನೊಂದು ವರ್ಷ ಇಟ್ಕೊಂಡಿದ್ದಾರೆ. ನಿನ್ನ ಯಾವ ಕವಿಯ ಪುಸ್ತಕಾನ ಅಷ್ಟು ಜೋಪಾನ ಮಾಡಿದಾರೆ ಹೇಳು ನೋಡೋಣ?" ಆಮೇಲೆ ಅವಳ ಹಾಳೆಯ ಮೊದಲ ಸಾಲನ್ನು ಜೋರಾಗಿ ಓದಿದರು. 'ಹೊತ್ತದ್ದನ್ನು ಪೂರ್ತಿಯಾಗಿ ಇಳಿಸು.' ಕೆಂಪು ಪೆನ್ಸಿಲನ್ನು ಕೈಗೆತ್ತಿಕೊಂಡವರು ಒಂದು ಗೆರೆಯನ್ನೂ ಎಳೆಯದೆ ಕೆಳಗಿಟ್ಟರು. "ಅಚ್ಚಿಗೆ ಹೋಗಲಿ. ಸೋಮವಾರ ಬಾರಮ್ಮ, ಡಿ ಅಕ್ಷರ ಇನ್ನೂ ಬೇಕಾದಷ್ಟಿದೆ."

ಹತ್ತು ದಿನಕ್ಕೆ ಕರಡು ಅಚ್ಚು ಬಂತು. ಹೆಸ್ಟರ್ ಅದನ್ನು ಮನೆಗೆ ತಂದು ಚಹಾದ ಮೇಜಿನ ಮೇಲೆ ಹರಡಿ, ತಾಯಿಯ ಬೆರಳನ್ನು ಹಿಡಿದು ಮೂವರು ಬಿಷಪ್ಪರ ಕೆಳಗಿನ ಸಾಲಿನ ಮೇಲಿಟ್ಟಳು. ಕತ್ತಿಯ ಗುರುತು ಎಲ್ಲೂ ಇರಲಿಲ್ಲ.

"ಇಲ್ಲಿದಾನೆ ಅಪ್ಪ."

"ಹೆಸರು ಸಮೇತ?"

"ಹೆಸರು, ದೋಣಿ, ನಲವತ್ತೊಂದು ವರ್ಷ, ಎಲ್ಲಾ."

ಮಾರ್ಥಾ ಬಹಳ ಹೊತ್ತು ಬೆರಳು ತೆಗೆಯಲಿಲ್ಲ. ಕಣ್ಣು ತುಂಬಿಕೊಂಡಿತ್ತು, ಒರೆಸಿಕೊಳ್ಳಲೂ ಇಲ್ಲ. ಕೊನೆಗೆ ಎದ್ದು, ತಟ್ಟೆಯ ಮೇಲಿನ ಬಟ್ಟೆ ಸರಿಸಿ, ಒಂದು ಬಿಸ್ಕತ್ತು ಮಗಳಿಗೆ ಕೊಟ್ಟು, ಇನ್ನೊಂದನ್ನು ತನ್ನ ಚಹಾಕ್ಕೆ ಅದ್ದಿದಳು.

"ಕಲ್ಲಾಗಿದೆ ಅಮ್ಮಾ, ಹಲ್ಲು ಹೋಗತ್ತೆ."

"ಅದ್ದಿ ಇಟ್ಕೋ, ನೆನೆಯತ್ತೆ" ಎಂದಳು ಮಾರ್ಥಾ. "ಇನ್ನು ತಿನ್ನಬಹುದು."