ತೋಡಿದ ಕುಣಿ ಖಾಲಿ ಬಿಡಬಾರದು

ಮೊಣಕಾಲು ಬಗ್ಗಲೊಲ್ಲದು. ಕಸ್ತೂರೆವ್ವ ಬಿಸಿನೀರಿನಲ್ಲಿ ಅದ್ದಿದ ಅರಿವೆಯನ್ನು ಹಿಂಡಿ ಅತ್ತೆಯ ಎರಡೂ ಮಂಡಿಗಳಿಗೆ ಸುತ್ತಿ ಅಂಗೈಯಿಂದ ತಿಕ್ಕಿದಳು. ಅಕ್ಕವ್ವ ರಾತ್ರಿ ನಿದ್ದೆಯಲ್ಲೇ ಹೋಗಿಬಿಟ್ಟಿದ್ದಳು. ಬೆಳಿಗ್ಗೆ ಸೊಸೆ ಚಹಾ ತಂದು ಎಬ್ಬಿಸುವಷ್ಟರಲ್ಲಿ ಮೈ ಸೆಟೆದಿತ್ತು. ಕೂಡಿಸಿ ಮಣ್ಣು ಮಾಡುವ ಮನೆತನ ಅದು. ಸತ್ತವರೂ ಚಕ್ಕಳಮಕ್ಕಳ ಹಾಕಿ ಕುಳಿತೇ ಹೋಗಬೇಕು.

"ಇದ್ದಾಗೂ ಯಾರಿಗೂ ಬಗ್ಗಲಿಲ್ಲ ಈಕಿ" ಎಂದಳು ಪಕ್ಕದ ಮನೆಯ ಮುದುಕಿ ಸಾವಕ್ಕ, ಇನ್ನೊಂದು ಕಾಲು ಹಿಡಿದು. "ಈಗರ ಬಗ್ಗವ್ವಾ ಅಕ್ಕವ್ವಾ. ಸೊಸಿ ಕೈ ಸೋತಾವು."

ಕಸ್ತೂರೆವ್ವನಿಗೆ ನಗು ಬಂತು, ಅದರ ಬೆನ್ನಿಗೇ ಅಳು ಬಂತು. ಎರಡನ್ನೂ ನುಂಗಿ ಮತ್ತೆ ತಿಕ್ಕಿದಳು. ಇಷ್ಟು ದೊಡ್ಡ ಅಂಕಲಿ ಊರಿನಲ್ಲಿ ಹೆಣ ತೊಳೆಯಲು ಬಂದವಳು ಇದೊಂದು ಮುದುಕಿ.

ಹೊತ್ತೇರಿದ ಮೇಲೆ ಮಾವನ ತಮ್ಮ ವಿರುಪಾಕ್ಷಪ್ಪ ಬಂದ. ಗಂಡ ತೀರಿಕೊಂಡು ಎಷ್ಟೋ ಕಾಲವಾಗಿದ್ದ ಅಕ್ಕವ್ವನಿಗೆ ಮನೆತನದಲ್ಲಿ ಉಳಿದಿದ್ದ ಹಿರಿಯ ಈತನೊಬ್ಬನೇ. ಹತ್ತು ವರ್ಷದಿಂದ ಈ ಹೊಸ್ತಿಲು ತುಳಿದಿರಲಿಲ್ಲ. ಇವತ್ತೂ ತುಳಿಯಲಿಲ್ಲ, ಹೊರಗೆ ನಿಂತೇ ಮಾತಾಡಿದ.

"ಅಯ್ಯನವರಿಗೆ ಹೇಳಿ ಕಳಿಸೇನಿ. ಕುಣಿ ತೋಡಾಕ ಗುರಪ್ಪ ಹೋಗ್ಯಾನ."

"ಅವರ ಮಗ್ಗಲಕ್ಕ ತೋಡಾಕ ಹೇಳೀರೇನ್ರಿ ಮಾವಾರ?" ಎಂದಳು ಕಸ್ತೂರೆವ್ವ. ಅವರು ಎಂದರೆ ಅವಳ ಗಂಡ ಕಾಡಸಿದ್ದ, ಅಕ್ಕವ್ವನ ಒಬ್ಬನೇ ಮಗ. "ಅತ್ತಿ ನನ್ನ ಕಡೆ ವಚನ ತಗೊಂಡಾರ್ರಿ."

"ಜಾಗಾ ನೋಡಿ ತೋಡ್ತಾರ" ಎಂದು ಆತ ಟಾವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೋದ.

*

ಕಾಡಸಿದ್ದ ಸತ್ತದ್ದು ಎಂಬತ್ತೈದರ ಕಬ್ಬಿನ ಹಂಗಾಮಿನಲ್ಲಿ. ಮದುವೆಯಾಗಿ ವರ್ಷವೂ ತುಂಬಿರಲಿಲ್ಲ. ಸ್ವಂತ ಹೊಲದ ಕೆಲಸ ಮುಗಿದ ಮೇಲೆ ಊರ ಸಾಹುಕಾರ ಬಾಪುಸಾಹೇಬರ ಟ್ರ್ಯಾಕ್ಟರಿನ ಮೇಲೆ ಕಬ್ಬು ಹೇರಲು ಹೋಗುತ್ತಿದ್ದ. ಕಾಲುವೆಯ ಏರಿನಲ್ಲಿ ಟ್ರ್ಯಾಕ್ಟರು ಏದುಸಿರು ಬಿಟ್ಟಾಗ ಹಿಂದಿನ ಟ್ರೇಲರಿನ ಗಾಲಿಗೆ ಕಲ್ಲು ಕೊಡಲು ಇಳಿದ. ಟ್ರೇಲರನ್ನು ಹಿಡಿದಿದ್ದ ಪಿನ್ನು ಎಂದೋ ಮುರಿದಿತ್ತು, ಅದರ ಜಾಗದಲ್ಲಿ ಸಲಾಕೆಯ ತುಂಡೊಂದನ್ನು ತುರುಕಿದ್ದರು. ಅದು ಜಿಗಿಯಿತು. ತುಂಬಿದ ಟ್ರೇಲರು ಹಿಂದಕ್ಕೆ ಹರಿಯಿತು.

"ಪೊಲೀಸರು ಬಂದ್ರ ಚಿಕ್ಕೋಡಿಗೆ ಒಯ್ದು ಹುಡುಗನ್ನ ಹರೀತಾರ" ಎಂದರು ಹಿರಿಯರು. "ಆಗಿದ್ದು ಆತು. ಇಡೀ ಮೈಲಿಂದ ಹೋಗಲಿ." ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ ಅದು. ವಿರುಪಾಕ್ಷಪ್ಪನಂತೂ ಅಳುತ್ತಲೇ ಹೇಳಿದ. ದೀಪ ಹಚ್ಚುವ ಹೊತ್ತಿಗೆ ಹೊಲದ ಬದುವಿನಲ್ಲಿ, ಹಿರೀಕರ ಸಾಲಿನಲ್ಲಿ, ಕಾಡಸಿದ್ದನನ್ನು ಕೂಡಿಸಿ ಮಣ್ಣು ಕೊಟ್ಟರು. ಕಸ್ತೂರೆವ್ವನನ್ನು ಅವಳ ಅಣ್ಣ ಸದಲಗಾಕ್ಕೆ ಕರೆದೊಯ್ದ.

ಎಂಟೊಂಬತ್ತು ದಿನ ಕಳೆದಿರಬೇಕು. ಹಿಟ್ಟಿನ ಗಿರಣಿಯಲ್ಲಿ ಪಾಳಿ ಹಿಡಿದು ನಿಂತಿದ್ದ ಅಕ್ಕವ್ವನ ಕಿವಿಗೆ ಒಂದು ಮಾತು ಬಿತ್ತು. ಬಾಪುಸಾಹೇಬರ ಆಳೊಬ್ಬ ಹೇಳುತ್ತಿದ್ದ, ಕಾಡ್ಯಾ ಕುಡಿದು ಬಿದ್ದು ಸತ್ತ ಎಂದು. ಅಕ್ಕವ್ವ ಜೋಳದ ಚೀಲವನ್ನು ಗಿರಣಿಯಲ್ಲೇ ಬಿಟ್ಟು ಚಿಕ್ಕೋಡಿಯ ಬಸ್ಸು ಹತ್ತಿದಳು. ಹೆಣದ ತಪಾಸಣೆ ಆಗದೆ ಖಟ್ಲೆ ನಿಲ್ಲುವುದಿಲ್ಲ ಎಂದರು ವಕೀಲರು. "ಹಂಗಾರ ತಗಸ್ರಿ" ಎಂದಳು ಅಕ್ಕವ್ವ.

ತಹಶೀಲ್ದಾರರು ಬಂದರು, ಪೊಲೀಸರು ಬಂದರು, ಊರು ಬರಲಿಲ್ಲ. ಗುರುತು ಹಿಡಿಯಲು ತಾಯಿಯೊಬ್ಬಳೇ ನಿಂತಳು. ಇಲ್ಲಿ ಆಗುವುದಿಲ್ಲವೆಂದು ಡಾಕ್ಟರರು ಹೆಣವನ್ನು ಚಿಕ್ಕೋಡಿಗೆ ತರಿಸಿಕೊಂಡರು. ಅದು ತಿರುಗಿ ಬರುವವರೆಗೆ ಕುಣಿ ಬಾಯಿ ತೆರೆದುಕೊಂಡು ಬಿದ್ದಿತ್ತು. ತೋಡಿದ ಕುಣಿ ಖಾಲಿ ಬಿಡಬಾರದು, ಬಿಟ್ಟರೆ ಅದು ಇನ್ನೊಬ್ಬರನ್ನು ಬೇಡುತ್ತದೆ ಎನ್ನುತ್ತದೆ ಊರು. ಅದೇ ವಾರ ವಿರುಪಾಕ್ಷಪ್ಪನ ಸಣ್ಣ ಮಗಳು ಜ್ವರ ಬಂದು ತೀರಿಕೊಂಡಿತು.

ಆಮೇಲೆ ಆ ಮನೆಗೆ ಯಾರೂ ಬೆಂಕಿ ಕೇಳಲೂ ಬರಲಿಲ್ಲ.

*

ಖಟ್ಲೆಗೆ ಹೆಂಡತಿಯ ಸಹಿ ಬೇಕೆಂದು ಅಕ್ಕವ್ವನೇ ಸದಲಗಾಕ್ಕೆ ಹೋಗಿ ಸೊಸೆಯನ್ನು ಕರೆತಂದಳು. ಸಹಿ ಮಾಡಿ ತಿರುಗಿ ಹೋಗುವುದೆಂದೇ ಬಂದಿದ್ದಳು ಕಸ್ತೂರೆವ್ವ. ಬೇರೆ ಕಡೆ ಉಡಕಿ ಮಾಡಿ ಎರಡನೇ ಗಂಡನಿಗೆ ಕೊಡುವ ಮಾತು ಆಗಲೇ ನಡೆದಿತ್ತು. ಆದರೆ ಒಂದು ತಾರೀಖಿನ ಹಿಂದೆ ಇನ್ನೊಂದು ತಾರೀಖು. ಇವತ್ತು ಸಾಹೇಬರಿಲ್ಲ, ನಾಳೆ ಎದುರಿನ ವಕೀಲರಿಲ್ಲ. ಅತ್ತೆ ಸೊಸೆ ಇಬ್ಬರೂ ಬಸ್ಸಿನ ಒಂದೇ ಸೀಟಿನಲ್ಲಿ ಒತ್ತಿಕೊಂಡು ಕೂತು ಹೋಗುವರು, ಕೋರ್ಟಿನ ಬೇವಿನ ಗಿಡದ ಕೆಳಗೆ ರೊಟ್ಟಿ ಬಿಚ್ಚುವರು, ಸಂಜೆ ಸ್ಟ್ಯಾಂಡಿನಲ್ಲಿ ಒಂದು ಪ್ಲೇಟು ಭಜಿ ಹಂಚಿಕೊಂಡು ತಿನ್ನುವರು. ಊರಿನಲ್ಲಿ ಮಾತಾಡುವವರಿಲ್ಲದ ಇಬ್ಬರಿಗೂ ಆ ತಾರೀಖುಗಳೇ ಹಬ್ಬವಾಗಿದ್ದವು. ಉಡಕಿಯ ಮಾತು ತಾನಾಗಿ ಬಿದ್ದುಹೋಯಿತು.

ಅಕ್ಕವ್ವ ಕಟಕಟೆ ಹತ್ತಿದ ದಿನ ಎದುರಿನ ವಕೀಲರು ಕೇಳಿದರು, "ನಿಮ್ಮ ಮಗ ಕುಡೀತಿದ್ದನೇನ್ರಿ?"

"ಹೋಳಿ ಹುಣ್ಣಿವಿಗೆ ಕುಡೀತಿದ್ದರಿ. ಸುಳ್ಳ ಯಾಕ ಹೇಳ್ಲಿ. ಅವತ್ತ ಕುಡದಿರಲಿಲ್ಲ. ನನ್ನ ಮುಂದ ಉಂಡ ಹೋದಾವ."

"ಅಷ್ಟು ದಿನ ಮಣ್ಣಾಗಿದ್ದ ಹೆಣ. ನಿಮ್ಮ ಮಗಂದ ಅಂತ ಹೆಂಗ ಗುರ್ತ ಹಿಡದ್ರಿ?"

"ಕೂಡಿಸಿ ಇಟ್ಟಿದ್ವಿರಿ ಸಾಹೇಬ್ರ. ಸಣ್ಣಾಂವ ಇದ್ದಾಗ ಉಣ್ಣಾಕ ಕುಂತ್ರ ಎಡಕ್ಕ ವಾಲತಿದ್ದ. ನೆಟ್ಟಗ ಕುಂಡ್ರೋ ಅಂತ ಬೈತಿದ್ನಿ. ಮಣ್ಣ ಸರಿಸಿದ್ರ ಹಂಗ ಎಡಕ್ಕ ವಾಲಿ ಕುಂತಿದ್ದ."

ಹಿಂದಿನ ಬೆಂಚಿನಲ್ಲಿದ್ದ ಕಸ್ತೂರೆವ್ವ ಸೆರಗು ಬಾಯಿಗೆ ತುರುಕಿಕೊಂಡಳು. ಗಂಡ ಹಾಗೆ ವಾಲುತ್ತಿದ್ದುದನ್ನು ತಾನು ಗಮನಿಸಿರಲೇ ಇಲ್ಲವಲ್ಲ ಎಂದು ಅವಳಿಗೆ ಅತ್ತೆಯ ಮೇಲೆ ಹೊಟ್ಟೆಕಿಚ್ಚಾಯಿತು.

ಅವತ್ತು ತಿರುಗಿ ಬರುವಾಗ ಬಸ್ಸಿನಲ್ಲಿ ಅಕ್ಕವ್ವ ಸೊಸೆಯ ಕೈ ಹಿಡಿದಳು. "ಎರಡ ಸಲ ಮಣ್ಣಿಗಿ ಹೋದಾವ ಅಂವ. ಎರಡನೇ ಸಲ ಒಂದ ಹಿಡಿ ಮಣ್ಣ ಕೊಡಾಕ ಒಂದ ಪಿಳ್ಳೀನೂ ಬರಲಿಲ್ಲ. ಒಬ್ಬನ ಕುಂತಾನ. ನನ್ನ ಅವನ ಮಗ್ಗಲಕ್ಕ ಕೂಡಸ ಕಸ್ತೂರಿ. ಬ್ಯಾರೆ ಏನೂ ಬೇಡೂದಿಲ್ಲ ನಿನಗ."

"ಕೂಡಸ್ತೀನ್ರಿ ಅತ್ತಿ" ಎಂದಿದ್ದಳು ಕಸ್ತೂರೆವ್ವ.

ಕೊನೆಗೆ ಗೆದ್ದರು. ಕಾಡಸಿದ್ದ ಕುಡಿದಿರಲಿಲ್ಲ, ತಪ್ಪು ಟ್ರ್ಯಾಕ್ಟರಿನದು ಎಂದು ಕೋರ್ಟು ಹೇಳಿತು. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎನ್ನುತ್ತಾರೆ. ಇಲ್ಲಿ ಅದೂ ಆಗಲಿಲ್ಲ. ಪರಿಹಾರ ಕೊಟ್ಟದ್ದು ವಿಮೆಯವರು, ಬಾಪುಸಾಹೇಬರ ಕಿಸೆಗೆ ಕೈ ಹೋಗಲಿಲ್ಲ. ಅವರ ಮನೆಯ ಮದುವೆಗೆ ಊರೆಲ್ಲ ಉಂಡು ಬಂತು. ಗೆದ್ದ ಹೆಂಗಸರ ಅಂಗಳಕ್ಕೆ ಮಾತ್ರ ಯಾರೂ ಬರಲಿಲ್ಲ. ತಾರೀಖುಗಳು ಮುಗಿದ ಮೇಲೆ ಬಸ್ಸೂ ಇಲ್ಲ, ಭಜಿಯೂ ಇಲ್ಲ. ಇಬ್ಬರೂ ಸುಮ್ಮನೆ ಮನೆಯಲ್ಲಿ ಕೂತರು.

*

ಅಕ್ಕವ್ವನನ್ನು ಕೂಡಿಸಿದ ವಿಮಾನ ಹೊರಟಾಗ ಹೊರಲು ನಾಲ್ಕು ಹೆಗಲು ಹೇಗೋ ಸಿಕ್ಕವು. ಸತ್ತ ಮೇಲೆ ಎಂಥ ಹಗೆ ಎಂದು ಒಬ್ಬಿಬ್ಬರು, ಏನಾಗುತ್ತದೋ ನೋಡೋಣ ಎಂದು ನಾಲ್ಕಾರು ಮಂದಿ ಹಿಂದೆ ಬಂದರು. ಬಾಪುಸಾಹೇಬರು ಬಂದು ಹಾರ ಹಾಕಿದರು. "ನನಗೇನ ಸಿಟ್ಟ ಇಲ್ಲವಾ ತಂಗಿ" ಎಂದರು ಕಸ್ತೂರೆವ್ವನಿಗೆ. ಸಿಟ್ಟು ಇರಬೇಕಾದದ್ದು ಯಾರಿಗೆ ಎಂದು ಅವಳು ಕೇಳಲಿಲ್ಲ. ಅವಳ ಕಣ್ಣು ಹೊಲದ ಬದುವಿನ ಮೇಲಿತ್ತು.

ಕುಣಿ ತೋಡಿದ್ದರು. ಕಾಡಸಿದ್ದನ ಪಕ್ಕದಲ್ಲಲ್ಲ, ಆಚೆ ಕೊನೆಯಲ್ಲಿ, ಬೇಲಿಯ ಕಳ್ಳಿಗೆ ತಾಗಿ.

"ಇದಲ್ಲರಿ" ಎಂದಳು ಕಸ್ತೂರೆವ್ವ. "ಅತ್ತಿ ಜಾಗಾ ಅಲ್ಲೈತಿ."

"ಆ ಮಗ್ಗಲದಾಗ ಮತ್ತ ಗುದ್ದಲಿ ಹಾಕಬಾರ್ದು" ಎಂದ ವಿರುಪಾಕ್ಷಪ್ಪ. ಆತನ ದನಿಯಲ್ಲಿ ಸಿಟ್ಟಿಗಿಂತ ಅಂಜಿಕೆಯೇ ಹೆಚ್ಚಿತ್ತು. "ಒಮ್ಮೆ ತಗದು ನೋಡೇವಲ್ಲ."

"ಅಲ್ಲಿ ತೋಡಿಸ್ರಿ ಮಾವಾರ. ಕೈ ಮುಗೀತೀನಿ."

"ಮತ್ತ ಇದನ್ನೇನ ಮಾಡೂದು? ತೋಡಿದ ಕುಣಿ ಖಾಲಿ ಬಿಡಬಾರ್ದವಾ. ಬರೇ ಮಣ್ಣ ಮುಚ್ಚಿದ್ರ ಕೇಳೂದಿಲ್ಲ ಅದು."

ಬಂದವರೆಲ್ಲ ಹೌದು ಹೌದೆಂದರು. ಹೆಗಲಿನವರು ವಿಮಾನವನ್ನು ಕುಣಿಯ ದಂಡೆಗೆ ಇಳಿಸಿಯೇಬಿಟ್ಟರು. ಕೊಟ್ಟ ಮಾತು ಕಣ್ಣೆದುರೇ ಮಣ್ಣುಪಾಲಾಗುತ್ತಿತ್ತು. ಇಷ್ಟು ಜನರ ನಡುವೆ ತನ್ನ ಪರವಾಗಿ ಒಂದು ಮಾತಾಡುವವಳಿದ್ದರೆ ಅವಳು ವಿಮಾನದ ಮೇಲೆ ಕಣ್ಣು ಮುಚ್ಚಿ ಕೂತಿದ್ದಳು.

ಕಸ್ತೂರೆವ್ವ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು. ಮಣ್ಣಿನ ದಂಡೆಗೆ ಕೈ ಊರಿ ಕುಣಿಯೊಳಗೆ ಜಾರಿದಳು. ಹೆಣವಿಡಲು ಕೊರೆದ ಗೂಡಿನಲ್ಲಿ ಕಾಲು ಮಡಿಚಿ ಕುಳಿತಳು.

"ಏ ಹುಚ್ಚಿ, ಮ್ಯಾಲ ಬಾ" ಎಂದ ವಿರುಪಾಕ್ಷಪ್ಪ.

"ಖಾಲಿ ಬಿಡಬಾರ್ದು ಅಂದ್ರಲ್ಲರಿ. ನಾ ಕುಂತೀನಿ. ನೀವು ಅಲ್ಲಿ ತೋಡ್ರಿ. ಅತ್ತೀನ ಅಲ್ಲಿ ಕೂಡಿಸಿದ ಮ್ಯಾಲ ನಾ ಏಳತೀನಿ, ಇದನ್ನ ಮುಚ್ರಿ. ಇದಕ್ಕ ಒಬ್ಬರ ಬೇಕಿತ್ತು, ಒಬ್ಬರ ಬಂದ ಹೋದ್ರು."

"ಜೀವ ಇದ್ದವರ ಇಳೀಬಾರ್ದವಾ. ಅದು ನಿನ್ನ ಬೇಡತೈತಿ."

"ಬೇಡಲಿ. ನಿಮ್ಮ ಮನಿ ಕೂಸಿನ ಬೇಡೂದಕ್ಕಿಂತ ನನ್ನ ಬೇಡಲಿ ಮಾವಾರ. ನನ್ನ ಹಿಂದ ಅಳಾವರ ಯಾರ ಅದಾರ?"

ವಿರುಪಾಕ್ಷಪ್ಪ ಎರಡು ಹೆಜ್ಜೆ ಹಿಂದೆ ಸರಿದ. ಅಗೆದ ಮಣ್ಣಿನ ಗುಡ್ಡೆಯ ಮೇಲೆ ಕುಸಿದು ಕೂತ. ಹತ್ತು ವರ್ಷದಲ್ಲಿ ಆ ಕೂಸಿನ ಮಾತನ್ನು ಯಾರೂ ಆತನ ಮುಂದೆ ಎತ್ತಿರಲಿಲ್ಲ. ಟಾವೆಲ್ಲಿನಿಂದ ಮುಖ ಒತ್ತಿಕೊಂಡ.

"ಗುರಪ್ಪಾ" ಎಂದ ಕೊನೆಗೆ, ಮುಖ ಎತ್ತದೆ. "ಆ ಮಗ್ಗಲಕ್ಕ ತೋಡ ನಡಿ. ಲಗೂನ ತೋಡ. ಇಕಿ ಇದರಾಗ ಭಾಳ ಹೊತ್ತ ಇರಬಾರ್ದು."

ಗುದ್ದಲಿ ಸಲಿಕೆ ಹೊತ್ತು ಎಲ್ಲರೂ ಆ ಕಡೆ ಹೋದರು. ವಿರುಪಾಕ್ಷಪ್ಪನೂ ಎದ್ದು ಹೋದ. ಕುಣಿಯೊಳಗಿನ ಹಸಿಮಣ್ಣಿನ ತಂಪು ಸೀರೆ ದಾಟಿ ಕಸ್ತೂರೆವ್ವನ ಮೈಗೆ ಹತ್ತಿತು. ದೂರದಲ್ಲಿ ಗುದ್ದಲಿಯ ಮೊದಲ ಪೆಟ್ಟು ಬಿದ್ದದ್ದು ನೆಲದೊಳಗಿಂದಲೇ ಅವಳಿಗೆ ಕೇಳಿಸಿತು.

ತಲೆ ಎತ್ತಿದರೆ ಕಾಣುತ್ತಿದ್ದದ್ದು ಅಕ್ಕವ್ವನ ಮುಖವೊಂದೇ. ವಿಭೂತಿ ಬಳಿದ ಆ ಮುಖದ ಮೇಲೆ ಬಿಸಿಲು ನೇರ ಬೀಳುತ್ತಿತ್ತು. ನೊಣವೊಂದು ಬಂದು ಮೂಗಿನ ಮೇಲೆ ಕುಳಿತಿತು, ಓಡಿಸಲು ದಂಡೆಯ ಮೇಲೆ ಯಾರೂ ಇರಲಿಲ್ಲ. ಕಸ್ತೂರೆವ್ವ ಕೂತಲ್ಲಿಂದಲೇ ಕೈ ಎತ್ತಿ ಬೀಸಿದಳು. ಕೈ ಅಲ್ಲಿಯವರೆಗೆ ಮುಟ್ಟಲಿಲ್ಲ.

"ತೋಡಾಕತ್ತಾರ್ರಿ ಅತ್ತಿ" ಎಂದಳು. "ಇನ್ನೊಂಚೂರು ಕುಂಡ್ರ್ರಿ."